ಹಿಂದೂಸ್ತಾನಿ ಸಂಗೀತದ ಮನೆ ಧ್ವನಿಮುದ್ರಣ

ಹಿಂದೂಸ್ತಾನಿ ಸಂಗೀತದ ಮನೆ ಧ್ವನಿಮುದ್ರಣ ಎಂದರೆ ಹಿಂದೂಸ್ತಾನಿ ಶಾಸ್ತ್ರೀಯ ಸಂಗೀತದ ಗಾಯನ ಮತ್ತು ವಾದನವನ್ನು ವೃತ್ತಿಪರ ಸ್ಟುಡಿಯೊದ ನೆರವಿಲ್ಲದೆ, ವಾಸದ ಮನೆಯಲ್ಲಿಯೇ, ಸ್ವಂತ ವಾದ್ಯ ಹಾಗೂ ಉಪಕರಣಗಳಿಂದ ಮುದ್ರಿಸಿಕೊಳ್ಳುವ ಪದ್ಧತಿ. ಹವ್ಯಾಸಿ ಕಲಾವಿದರು ಹಾಗೂ ವಿದ್ಯಾರ್ಥಿಗಳು ತಮ್ಮ ರಿಯಾಜನ್ನು ತಾವೇ ಕೇಳಿ ತಿದ್ದಿಕೊಳ್ಳಲು, ಗುರುಗಳ ಪಾಠವನ್ನು ಉಳಿಸಿಕೊಳ್ಳಲು ಮತ್ತು ಮನೆಯ ಬೈಠಕ್‌ಗಳನ್ನು ದಾಖಲಿಸಲು ಇದನ್ನು ಬಳಸುತ್ತಾರೆ. ಈ ಸಂಗೀತದ ಪ್ರಮುಖ ಕೇಂದ್ರಗಳಲ್ಲಿ ಒಂದಾದ ಕರ್ನಾಟಕದ ಹುಬ್ಬಳ್ಳಿ-ಧಾರವಾಡದ ಪರಿಸರವನ್ನು ಮುಖ್ಯವಾಗಿ ಇಟ್ಟುಕೊಂಡು ಈ ಲೇಖನವು ವಾದ್ಯಗಳು, ಉಪಕರಣಗಳು, ಕೋಣೆ, ಮುದ್ರಣದ ವಿಧಾನ ಮತ್ತು ಸಂರಕ್ಷಣೆಯನ್ನು ವಿವರಿಸುತ್ತದೆ.

ಚಲನಚಿತ್ರ ಸಂಗೀತ ಅಥವಾ ಪಾಶ್ಚಾತ್ಯ ಜನಪ್ರಿಯ ಸಂಗೀತದ ಮುದ್ರಣಕ್ಕಿಂತ ಇದು ಎರಡು ಕಾರಣಗಳಿಂದ ಭಿನ್ನವಾಗಿದೆ. ಮೊದಲನೆಯದಾಗಿ, ಹಾಡಿನ ಉದ್ದಕ್ಕೂ ನಿಲ್ಲದೆ ನುಡಿಯುವ ತಂಬೂರಿಯ ಶ್ರುತಿಯೇ ಇಲ್ಲಿ ಎಲ್ಲ ಸ್ವರಗಳಿಗೂ ಆಧಾರ. ಎರಡನೆಯದಾಗಿ, ಒಂದು ರಾಗದ ವಿಸ್ತಾರವು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೂ ಸಾಗಬಹುದು. ಆದ್ದರಿಂದ ಮುದ್ರಣದ ಗುಣಮಟ್ಟವನ್ನು ಉಪಕರಣದ ಬೆಲೆಗಿಂತ ಹೆಚ್ಚಾಗಿ ವಾದ್ಯದ ಶ್ರುತಿ, ಕೋಣೆಯ ಸ್ವಭಾವ ಮತ್ತು ಮೈಕಿನ ಸ್ಥಾನಗಳು ನಿರ್ಧರಿಸುತ್ತವೆ.

ಹಿನ್ನೆಲೆ

ಹುಬ್ಬಳ್ಳಿ ಮತ್ತು ಧಾರವಾಡ ಸುಮಾರು 20 ಕಿಲೋಮೀಟರ್ ಅಂತರದಲ್ಲಿರುವ ಅವಳಿ ನಗರಗಳು. 1962ರಿಂದ ಇವೆರಡೂ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಒಳಪಟ್ಟಿವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು (1886–1952) ಹುಬ್ಬಳ್ಳಿಗೆ ಸಮೀಪದ ಕುಂದಗೋಳದವರು. ಗಂಗೂಬಾಯಿ ಹಾನಗಲ್ (1913–2009) ಮತ್ತು ಭೀಮಸೇನ ಜೋಶಿ (1922–2011) ಸವಾಯಿ ಗಂಧರ್ವರಲ್ಲಿ ಕಲಿತರು. ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಮನಸೂರರು (1910–1992) ಜೈಪುರ-ಅತ್ರೌಲಿ ಘರಾಣೆಯ ಗಾಯಕಿಯನ್ನು ಬೆಳೆಸಿದರು. ಬಸವರಾಜ ರಾಜಗುರು ಇದೇ ಪ್ರದೇಶದ ಮತ್ತೊಬ್ಬ ಪ್ರಸಿದ್ಧ ಗಾಯಕರು. ಸಿತಾರ್ ವಾದನದಲ್ಲಿ ರಹಿಮತ್ ಖಾನರಿಂದ ಆರಂಭವಾದ ಧಾರವಾಡದ ಪರಂಪರೆಯನ್ನು ಅವರ ಮೊಮ್ಮಗ ಬಾಲೇಖಾನರು ಮುಂದುವರಿಸಿದರು.

ಈ ಪರಂಪರೆಯಲ್ಲಿ ವಿದ್ಯೆ ಬಹುಮಟ್ಟಿಗೆ ಬಾಯಿಂದ ಕಿವಿಗೆ ಹರಿದು ಬಂದಿದೆ. ಬಂದಿಶ್‌ನ ಸಾಹಿತ್ಯ ಮತ್ತು ಸ್ವರಲಿಪಿಯನ್ನು ಬರೆದಿಡಬಹುದು. ಆದರೆ ಮೀಂಡ್, ಸ್ವರದ ಲಗಾವ್, ಎರಡು ಸ್ವರಗಳ ನಡುವಿನ ತಡೆಯನ್ನು ಬರಹದಲ್ಲಿ ಪೂರ್ಣವಾಗಿ ಹಿಡಿಯಲು ಆಗುವುದಿಲ್ಲ. ಮನೆಯಲ್ಲಿ ನಡೆದ ಪಾಠದ ಧ್ವನಿಮುದ್ರಣಕ್ಕೆ ವಾಣಿಜ್ಯ ಧ್ವನಿಮುದ್ರಿಕೆಗೆ ಇಲ್ಲದ ಮೌಲ್ಯ ಬರುವುದು ಈ ಕಾರಣದಿಂದ. ಗುರು ಹೇಗೆ ಹಾಡಿದರು ಎಂಬುದರ ಜೊತೆಗೆ ಹೇಗೆ ತಿದ್ದಿದರು ಎಂಬುದೂ ಅದರಲ್ಲಿ ಉಳಿಯುತ್ತದೆ.

ಇತಿಹಾಸ

ಗ್ರಾಮಫೋನ್ ತಟ್ಟೆಗಳ ಕಾಲ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣಗಳು 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಡೆದವು. 1925ರವರೆಗೆ ಮೈಕ್ ಬಳಕೆಯಲ್ಲಿರಲಿಲ್ಲ. ಗಾಯಕರು ಕಹಳೆಯಾಕಾರದ ಕೊಳವೆಯ ಮುಂದೆ ಗಟ್ಟಿಯಾಗಿ ಹಾಡಬೇಕಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಹೀಗಾಗಿ ಖಯಾಲಿನ ಆಲಾಪ, ಬಂದಿಶ್ ಮತ್ತು ತಾನುಗಳನ್ನು ಆ ಅವಧಿಗೆ ತಕ್ಕಂತೆ ಕುಗ್ಗಿಸಬೇಕಾಗುತ್ತಿತ್ತು. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ ಮತ್ತು ಗಂಗೂಬಾಯಿ ಹಾನಗಲ್ಲರ ಆರಂಭದ ಧ್ವನಿಮುದ್ರಿಕೆಗಳು ಈ ಮಿತಿಯೊಳಗೆ ಮೂಡಿಬಂದವು.

ಇಷ್ಟಾದರೂ ಈ ತಟ್ಟೆಗಳ ಪ್ರಭಾವ ಸಣ್ಣದಾಗಿರಲಿಲ್ಲ. ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಅಂಗಡಿಯೊಂದರಲ್ಲಿ ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು ಮನೆ ಬಿಟ್ಟು ಹೊರಟ ಪ್ರಸಂಗ ಪ್ರಸಿದ್ಧವಾಗಿದೆ. ಗಂಗೂಬಾಯಿಯವರ ಎಳೆಯ ವಯಸ್ಸಿನ ಕಂಠ ತೆಳುವಾಗಿ ಎತ್ತರದ ಶ್ರುತಿಯಲ್ಲಿತ್ತು. ಗಂಟಲಿನ ಕಾಯಿಲೆ ಮತ್ತು ಚಿಕಿತ್ಸೆಯ ನಂತರ ಅದು ಗಡುಸಾಗಿ ಕೆಳಗಿಳಿಯಿತು. ಇಂದಿನ ಕೇಳುಗರಿಗೆ ಅವರ ಮೊದಲಿನ ಕಂಠದ ಪರಿಚಯ ಸಿಗುವುದು 1930ರ ದಶಕದ ಆ ತಟ್ಟೆಗಳಿಂದ.

ಆಕಾಶವಾಣಿ

ಧಾರವಾಡದ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಸ್ಥಳೀಯ ಕಲಾವಿದರ ಗಾಯನ ಮತ್ತು ವಾದನ ದೀರ್ಘ ಅವಧಿಗೆ ಪ್ರಸಾರವಾಗುವ ಅವಕಾಶ ಇದರಿಂದ ಒದಗಿತು. ಟೇಪ್ ರೆಕಾರ್ಡರುಗಳು ಮನೆಗೆ ಬಂದ ಮೇಲೆ ರೇಡಿಯೊ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಹವ್ಯಾಸ ಸಂಗೀತಾಸಕ್ತರಲ್ಲಿ ಬೆಳೆಯಿತು.

ಟೇಪು ಮತ್ತು ಕ್ಯಾಸೆಟ್

ಕಾಂತೀಯ ಟೇಪಿನ ಮುದ್ರಣಯಂತ್ರವನ್ನು 1935ರಲ್ಲಿ ಜರ್ಮನಿಯಲ್ಲಿ ಪ್ರದರ್ಶಿಸಲಾಯಿತು. ಎರಡನೆಯ ಮಹಾಯುದ್ಧದ ನಂತರ ಅದು ಇತರ ದೇಶಗಳಿಗೆ ಹರಡಿತು. 1200 ಅಡಿ ಉದ್ದದ ಟೇಪಿರುವ ಏಳು ಇಂಚಿನ ಸ್ಪೂಲು ಸೆಕೆಂಡಿಗೆ 7.5 ಇಂಚು ವೇಗದಲ್ಲಿ ಒಂದು ದಿಕ್ಕಿಗೆ 32 ನಿಮಿಷ ಓಡುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಅವಧಿ ದುಪ್ಪಟ್ಟಾಗುತ್ತದೆ. ವಿಲಂಬಿತ ಖಯಾಲನ್ನು ಕತ್ತರಿಸದೆ ಮುದ್ರಿಸಲು ಸಾಧ್ಯವಾದದ್ದು ಇಂತಹ ಟೇಪಿನಿಂದ. ಆದರೆ ಸ್ಪೂಲು ಯಂತ್ರಗಳು ದುಬಾರಿಯಾಗಿದ್ದು, ಕೆಲವೇ ಮನೆಗಳಿಗೆ ಸೀಮಿತವಾಗಿದ್ದವು.

1963ರಲ್ಲಿ ಫಿಲಿಪ್ಸ್ ಕಂಪನಿ ಪರಿಚಯಿಸಿದ ಕ್ಯಾಸೆಟ್ ಈ ಸ್ಥಿತಿಯನ್ನು ಬದಲಿಸಿತು. ಭಾರತದಲ್ಲಿ 1970ರ ದಶಕದ ಕೊನೆ ಹಾಗೂ 1980ರ ದಶಕದಲ್ಲಿ ಕ್ಯಾಸೆಟ್ ವ್ಯಾಪಕವಾಯಿತು. ಉತ್ತರ ಭಾರತದಲ್ಲಿ ಇದು ಉಂಟುಮಾಡಿದ ಬದಲಾವಣೆಯನ್ನು ಪೀಟರ್ ಮ್ಯಾನುಯೆಲ್ ಅವರ 'ಕ್ಯಾಸೆಟ್ ಕಲ್ಚರ್' (1993) ಎಂಬ ಗ್ರಂಥ ವಿವರಿಸುತ್ತದೆ. ಕೈಯಲ್ಲಿ ಹಿಡಿಯಬಹುದಾದ ಟೇಪ್ ರೆಕಾರ್ಡರನ್ನು ಜಮಖಾನೆಯ ಮೇಲಿಟ್ಟು ಪಾಠವನ್ನೂ ಬೈಠಕ್ಕನ್ನೂ ಮುದ್ರಿಸಬಹುದಾಯಿತು. ಪಾಶ್ಚಾತ್ಯ ಜಗತ್ತಿನಲ್ಲಿ 1979ರಲ್ಲಿ ಬಂದ ಟಾಸ್ಕಾಂ ಕಂಪನಿಯ ನಾಲ್ಕು ಟ್ರ್ಯಾಕಿನ 'ಪೋರ್ಟಾಸ್ಟುಡಿಯೊ' ಕ್ಯಾಸೆಟ್ಟಿನಲ್ಲಿಯೇ ಬಹುಪದರದ ಮುದ್ರಣವನ್ನು ಮನೆಗೆ ತಂದಿತು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 'ನೆಬ್ರಾಸ್ಕಾ' (1982) ಹೀಗೆ ಮನೆಯಲ್ಲಿ ಮುದ್ರಿತವಾದ ಪ್ರಸಿದ್ಧ ಆಲ್ಬಂ.

ಗಣಕಯಂತ್ರ ಮತ್ತು ಮೊಬೈಲ್

2000ದಲ್ಲಿ ಬಿಡುಗಡೆಯಾದ 'ಆಡಾಸಿಟಿ' ಎಂಬ ಮುಕ್ತ ತಂತ್ರಾಂಶ ಮತ್ತು ನಂತರ ಅಗ್ಗವಾದ ಯುಎಸ್‌ಬಿ ಧ್ವನಿ ಸಾಧನಗಳಿಂದ ಮನೆಯ ಗಣಕಯಂತ್ರವೇ ಮುದ್ರಣ ಕೇಂದ್ರವಾಯಿತು. ಸ್ಮಾರ್ಟ್‌ಫೋನ್ ಬಂದ ಮೇಲೆ ಪ್ರತ್ಯೇಕ ಉಪಕರಣವಿಲ್ಲದೆಯೂ ಮುದ್ರಣ ಸಾಧ್ಯವಾಗಿದೆ. 2020ರ ಕೋವಿಡ್ ನಿರ್ಬಂಧಗಳ ಅವಧಿಯಲ್ಲಿ ಸಂಗೀತ ಪಾಠಗಳು ಅಂತರ್ಜಾಲಕ್ಕೆ ಸ್ಥಳಾಂತರಗೊಂಡಾಗ ಮೈಕ್ ಮತ್ತು ಧ್ವನಿ ಸಂಯೋಜನೆಗಳ ತಿಳಿವಳಿಕೆ ಗುರು-ಶಿಷ್ಯರಿಬ್ಬರಿಗೂ ಅಗತ್ಯವಾಯಿತು.

ವಾದ್ಯಗಳು

ತಂಬೂರಿ

ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳಿರುತ್ತವೆ. ಮೊದಲ ತಂತಿಯನ್ನು ಪಂಚಮಕ್ಕೆ, ನಡುವಿನ ಜೋಡಿ ತಂತಿಗಳನ್ನು ಷಡ್ಜಕ್ಕೆ, ನಾಲ್ಕನೆಯದನ್ನು ಒಂದು ಸಪ್ತಕ ಕೆಳಗಿನ ಖರಜ ಷಡ್ಜಕ್ಕೆ ಕೂಡಿಸಲಾಗುತ್ತದೆ. ಪಂಚಮವಿಲ್ಲದ ಮಾಲಕೌಂಸದಂತಹ ರಾಗಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ, ಪೂರಿಯಾ ಮತ್ತು ಮಾರ್ವಾದಂತಹ ರಾಗಗಳಿಗೆ ನಿಷಾದಕ್ಕೆ ಕೂಡಿಸುವುದುಂಟು.

ತಂಬೂರಿಯ ಕುದುರೆ ಅಗಲವಾಗಿದ್ದು, ಅದರ ಮೇಲ್ಮೈ ಸ್ವಲ್ಪ ಬಾಗಿರುತ್ತದೆ. ತಂತಿ ಮತ್ತು ಕುದುರೆಯ ನಡುವೆ ಇರಿಸುವ ನೂಲಿನ ಎಳೆಯನ್ನು ಸರಿಸಿ ಹದಕ್ಕೆ ತಂದಾಗ ತಂತಿಯ ನಾದದಲ್ಲಿ ಮೇಲಿನ ಉಪಸ್ವರಗಳು ಅರಳುತ್ತವೆ. ಇದನ್ನು ಜವಾರಿ ಅಥವಾ ಜೀವಾಳಿ ಎನ್ನುತ್ತಾರೆ. ಸರ್ ಸಿ. ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ತಂತಿಯ ನಿಯಮದಂತೆ ಮೂಡಬಾರದ ಉಪಸ್ವರಗಳೂ ತಂಬೂರಿಯಲ್ಲಿ ಕೇಳಿಸುವುದನ್ನು ತೋರಿಸಿದರು. ಷಡ್ಜದ ತಂತಿಯ ಐದನೆಯ ಉಪಸ್ವರವು ಸ್ವಾಭಾವಿಕ ಶುದ್ಧ ಗಾಂಧಾರವಾದುದರಿಂದ, ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುತ್ತದೆ. ಮುದ್ರಣದಲ್ಲಿ ಉಳಿಯಬೇಕಾದ ಮುಖ್ಯ ಸಂಗತಿ ಇದು.

ಹುಬ್ಬಳ್ಳಿಯಿಂದ ರೈಲಿನಲ್ಲಿ ತಲುಪಬಹುದಾದ ಮಹಾರಾಷ್ಟ್ರದ ಮಿರಜ್ ಪಟ್ಟಣವು ತಂಬೂರಿ ಮತ್ತು ಸಿತಾರ್ ತಯಾರಿಕೆಗೆ ಹೆಸರಾಗಿದೆ. ಒಣಗಿಸಿದ ದೊಡ್ಡ ಸೋರೆಬುರುಡೆಯಿಂದ ವಾದ್ಯದ ಕೊಡವನ್ನು ರೂಪಿಸಲಾಗುತ್ತದೆ. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಎಲೆಕ್ಟ್ರಾನಿಕ್ ತಂಬೂರಿ

ಒಬ್ಬರೇ ಹಾಡಿ ಮುದ್ರಿಸಿಕೊಳ್ಳುವಾಗ ಎಲೆಕ್ಟ್ರಾನಿಕ್ ತಂಬೂರಿ ಅಥವಾ ಮೊಬೈಲಿನ ತಂಬೂರಿ ಆ್ಯಪ್ ಬಳಸುವುದು ಸಾಮಾನ್ಯ. ಬೆಂಗಳೂರಿನ ರಾಡೆಲ್ ಸಂಸ್ಥೆ ಈ ಸಾಧನಗಳ ತಯಾರಿಕೆಯಲ್ಲಿ ಮೊದಲಿಗರಲ್ಲಿ ಒಂದು. ಇವುಗಳ ಶ್ರುತಿ ಸ್ಥಿರವಾಗಿರುತ್ತದೆ. ಆದರೆ ಸಣ್ಣ ಸ್ಪೀಕರಿನಿಂದ ಹೊರಟ ನಾದವನ್ನು ಮತ್ತೆ ಮೈಕಿನಿಂದ ಹಿಡಿದರೆ ಖರಜ ತೆಳುವಾಗುತ್ತದೆ. ಸಾಧನದಲ್ಲಿ ಲೈನ್ ಔಟ್‌ಪುಟ್ ಇದ್ದರೆ ಅದನ್ನು ಕೇಬಲ್ ಮೂಲಕ ನೇರವಾಗಿ ಮುದ್ರಿಸುವುದು ಉತ್ತಮ.

ಹಾರ್ಮೋನಿಯಂ

ಉತ್ತರ ಕರ್ನಾಟಕದಲ್ಲಿ ಪೇಟಿ ಎಂದು ಕರೆಯಲಾಗುವ ಹಾರ್ಮೋನಿಯಂ ಸಾಮಾನ್ಯವಾಗಿ ಸಮಾನ ಅಂತರದ ಸ್ವರಮೇಳದಲ್ಲಿ ಇರುತ್ತದೆ. ಅದರ ಶುದ್ಧ ಗಾಂಧಾರವು ತಂಬೂರಿಯ ಸ್ವಾಭಾವಿಕ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು, ಮೇಲಿರುತ್ತದೆ. ಈ ವಾದ್ಯವು ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. 1970ರ ದಶಕದ ಆರಂಭದಲ್ಲಿ ನಿಷೇಧ ಸಡಿಲವಾಯಿತು. ಮುದ್ರಣದಲ್ಲಿ ಪೇಟಿಯ ಮಟ್ಟ ಹೆಚ್ಚಾದರೆ ಗಾಂಧಾರ ಮತ್ತು ನಿಷಾದಗಳಲ್ಲಿ ತಂಬೂರಿಯೊಡನೆ ಅಲೆಯಾಟ ಕೇಳಿಸುತ್ತದೆ. ಅದನ್ನು ಕಂಠಕ್ಕಿಂತ ಕೆಳಗಿನ ಮಟ್ಟದಲ್ಲಿ ಇರಿಸಲು ಇದೂ ಒಂದು ಕಾರಣ.

ತಬಲಾ

ಬಲಗೈಯ ತಬಲಾ ಮತ್ತು ಎಡಗೈಯ ಡಗ್ಗಾ ಸೇರಿ ಜೋಡಿಯಾಗುತ್ತದೆ. ಚರ್ಮದ ಮೇಲಿನ ಕಪ್ಪು ಶಾಯಿಯ ಭಾರದಿಂದಾಗಿ ತಬಲಾದ ಉಪಸ್ವರಗಳು ಕ್ರಮಬದ್ಧವಾಗಿ, ತಂತಿವಾದ್ಯದಂತೆ ಸ್ವರವುಳ್ಳವಾಗುತ್ತವೆ. ಭಾರತೀಯ ಚರ್ಮವಾದ್ಯಗಳ ಈ ಗುಣವನ್ನೂ ರಾಮನ್ ಮತ್ತು ಅವರ ಸಹೋದ್ಯೋಗಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ತಬಲಾದ ಶ್ರುತಿ ಹವೆಯ ತೇವಾಂಶಕ್ಕೆ ಬದಲಾಗುತ್ತದೆ. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದಲ್ಲಿ ಮಳೆಗಾಲದ ದಿನಗಳಂದು ಚರ್ಮ ಸಡಿಲಗೊಳ್ಳುವುದರಿಂದ ಮುದ್ರಣದ ನಡುವೆಯೂ ಶ್ರುತಿಯನ್ನು ಪರೀಕ್ಷಿಸಬೇಕಾಗುತ್ತದೆ.

ಸಿತಾರ್

ಸಿತಾರಿನಲ್ಲಿ ಆರು ಅಥವಾ ಏಳು ಮುಖ್ಯ ತಂತಿಗಳ ಜೊತೆಗೆ ಅವುಗಳ ಅಡಿಯಲ್ಲಿ ಅನುರಣನದ ತರಫ್ ತಂತಿಗಳು ಇರುತ್ತವೆ. ಮಿಜರಾಬಿನ ಹೊಡೆತ ತೀಕ್ಷ್ಣವಾಗಿಯೂ ತರಫಿನ ನಾದ ಅತಿ ಮೃದುವಾಗಿಯೂ ಇರುವುದರಿಂದ ಹಿನ್ನೆಲೆಯ ಸದ್ದು ಕಡಿಮೆ ಇರುವ ಕೋಣೆ ಇದಕ್ಕೆ ಬೇಕು.

ಉಪಕರಣಗಳು

ಮೈಕ್

ಮನೆಯ ಮುದ್ರಣದಲ್ಲಿ ಎರಡು ಬಗೆಯ ಮೈಕುಗಳು ಬಳಕೆಯಲ್ಲಿವೆ. ಡೈನಾಮಿಕ್ ಮೈಕ್ ಗಟ್ಟಿಮುಟ್ಟಾಗಿದ್ದು ಹೊರಗಿನ ವಿದ್ಯುತ್ತಿಲ್ಲದೆ ಕೆಲಸ ಮಾಡುತ್ತದೆ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಇದಕ್ಕೆ ಪರಿಚಿತ ಉದಾಹರಣೆ. ವೇದಿಕೆಯ ಗಾಯನಕ್ಕೆಂದು ರೂಪಿಸಿದ ಇಂತಹ ಮೈಕನ್ನು ಬಾಯಿಯ ಸಮೀಪ ಹಿಡಿಯಬೇಕಾಗುತ್ತದೆ. ಕಂಡೆನ್ಸರ್ ಮೈಕ್ ಸೂಕ್ಷ್ಮವಾದ ಉಪಸ್ವರಗಳನ್ನು ಹೆಚ್ಚು ನಿಖರವಾಗಿ ಹಿಡಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ 48 ವೋಲ್ಟ್‌ನ ಫ್ಯಾಂಟಮ್ ವಿದ್ಯುತ್ ಬೇಕು. ತಂಬೂರಿ ಮತ್ತು ಸಿತಾರಿಗೆ ಕಂಡೆನ್ಸರ್ ಮೈಕ್ ಹೆಚ್ಚು ಸೂಕ್ತ. ಆದರೆ ಅದು ಕೋಣೆಯ ಅನುರಣನವನ್ನೂ ಬೀದಿಯ ಸದ್ದನ್ನೂ ಅಷ್ಟೇ ನಿಖರವಾಗಿ ಹಿಡಿಯುತ್ತದೆ. ತೇವಾಂಶದಿಂದ ಕಂಡೆನ್ಸರ್ ಮೈಕಿನಲ್ಲಿ ಚಟಪಟ ಸದ್ದು ಹುಟ್ಟಬಹುದಾದ್ದರಿಂದ ಮಳೆಗಾಲದಲ್ಲಿ ಅದನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು.

ಆಡಿಯೊ ಇಂಟರ್‌ಫೇಸ್

ಮೈಕಿನ ದುರ್ಬಲ ವಿದ್ಯುತ್ ಸಂಕೇತವನ್ನು ವರ್ಧಿಸಿ ಅಂಕಿಗಳಾಗಿ ಪರಿವರ್ತಿಸುವ ಸಾಧನವೇ ಆಡಿಯೊ ಇಂಟರ್‌ಫೇಸ್. ಎರಡು ಮೈಕುಗಳಿಗೆ ಅವಕಾಶವಿರುವ ಯುಎಸ್‌ಬಿ ಇಂಟರ್‌ಫೇಸ್ ಒಬ್ಬ ಗಾಯಕ ಮತ್ತು ತಂಬೂರಿಗೆ ಸಾಕಾಗುತ್ತದೆ. ಪೇಟಿ ಮತ್ತು ತಬಲಾವನ್ನೂ ಪ್ರತ್ಯೇಕವಾಗಿ ಹಿಡಿಯಬೇಕಿದ್ದರೆ ನಾಲ್ಕು ಮೈಕುಗಳ ಇಂಟರ್‌ಫೇಸ್ ಬೇಕಾಗುತ್ತದೆ. ಗಣಕಯಂತ್ರ ಬೇಡವೆನ್ನುವವರು ಜೋಡಿ ಮೈಕುಗಳನ್ನು ಒಳಗೊಂಡ ಕೈಯಳತೆಯ ಡಿಜಿಟಲ್ ರೆಕಾರ್ಡರ್ ಬಳಸಬಹುದು.

ಸಿ.ಡಿ.ಯ ಮಾನದಂಡ 16 ಬಿಟ್ ಮತ್ತು 44.1 ಕಿಲೋಹರ್ಟ್ಸ್. 16 ಬಿಟ್‌ನಲ್ಲಿ ಅತಿ ಮೃದು ಮತ್ತು ಅತಿ ಗಟ್ಟಿ ಧ್ವನಿಗಳ ಅಂತರ ಸುಮಾರು 96 ಡೆಸಿಬಲ್, 24 ಬಿಟ್‌ನಲ್ಲಿ ಸೈದ್ಧಾಂತಿಕವಾಗಿ ಸುಮಾರು 144 ಡೆಸಿಬಲ್. ಮಂದ್ರದ ಮೆಲುದನಿಯಿಂದ ತಾರ ಸಪ್ತಕದ ತಾನಿನವರೆಗೆ ಕಂಠದ ಬಲ ಬಹಳ ಬದಲಾಗುವುದರಿಂದ 24 ಬಿಟ್‌ನಲ್ಲಿ ಮುದ್ರಿಸುವುದು ಅನುಕೂಲಕರ. 48 ಕಿಲೋಹರ್ಟ್ಸ್, 24 ಬಿಟ್‌ನ ಸ್ಟೀರಿಯೊ ಮುದ್ರಣಕ್ಕೆ ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಬೇಕು.

ಹೆಡ್‌ಫೋನ್ ಮತ್ತು ತಂತ್ರಾಂಶ

ಮುದ್ರಿಸುವಾಗ ಸದ್ದು ಹೊರಗೆ ಸೋರದ, ಕಿವಿ ಮುಚ್ಚುವ ಹೆಡ್‌ಫೋನ್ ಬಳಸಲಾಗುತ್ತದೆ. ಗಣಕಯಂತ್ರದಲ್ಲಿ ಧ್ವನಿ ಹಾದುಹೋಗಲು ತಗಲುವ ವಿಳಂಬವೂ ಮುಖ್ಯ. 48 ಕಿಲೋಹರ್ಟ್ಸ್‌ನಲ್ಲಿ 256 ಮಾದರಿಗಳ ಒಂದು ಬಫರ್ ಸುಮಾರು 5.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 1.8 ಮೀಟರ್ ಚಲಿಸುತ್ತದೆ. ಬಫರ್ ದೊಡ್ಡದಾದಂತೆ ವಿಳಂಬ ಹೆಚ್ಚಿ, ತನ್ನ ಧ್ವನಿಯನ್ನೇ ತಡವಾಗಿ ಕೇಳುವ ಗಾಯಕನ ಲಯ ಕದಡುತ್ತದೆ. ಆದ್ದರಿಂದ ಇಂಟರ್‌ಫೇಸಿನಿಂದಲೇ ನೇರವಾಗಿ ಆಲಿಸುವ ಸೌಲಭ್ಯವನ್ನು ಬಳಸುವುದು ರೂಢಿ.

ಕೋಣೆ

ಮನೆಯ ಸಣ್ಣ ಕೋಣೆಗಳಲ್ಲಿ ಎದುರುಬದುರು ಗೋಡೆಗಳ ನಡುವೆ ಕೆಲವು ಕೆಳಸ್ವರಗಳು ನಿಂತು ಬಲಗೊಳ್ಳುತ್ತವೆ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಇಂತಹ ಮೊದಲ ಆವೃತ್ತಿ ದೊರೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ, 2.5 ಮೀಟರ್ ಅಗಲದ ಕೋಣೆಯಲ್ಲಿ ಅದು 68.6 ಹರ್ಟ್ಸ್. ಕಪ್ಪು ಒಂದನ್ನು ಷಡ್ಜವಾಗಿಸಿಕೊಂಡ ಗಾಯಕನ ತಂಬೂರಿಯ ಖರಜ ಸುಮಾರು 69.3 ಹರ್ಟ್ಸ್. ಇವೆರಡೂ ಬಹುತೇಕ ಒಂದೇ ಆದುದರಿಂದ ಆ ಕೋಣೆಯ ಕೆಲವು ಜಾಗಗಳಲ್ಲಿ ಖರಜ ಗುಮ್ಮೆಂದು ಉಬ್ಬುತ್ತದೆ, ನಡುಭಾಗದಲ್ಲಿ ಕುಗ್ಗುತ್ತದೆ. ಗಾಯಕನ ಶ್ರುತಿಯನ್ನು ಬದಲಿಸಲಾಗದು. ತಂಬೂರಿ ಮತ್ತು ಮೈಕನ್ನು ಅರ್ಧ ಮೀಟರಿನಷ್ಟು ಸರಿಸಿದರೆ ನಾದ ಸಮತೋಲನಕ್ಕೆ ಬರುವುದುಂಟು.

ಬರಿಯ ಗೋಡೆ ಮತ್ತು ನೆಲಹಾಸುಗಲ್ಲಿನಿಂದ ಮರಳುವ ಪ್ರತಿಧ್ವನಿಯನ್ನು ತಗ್ಗಿಸಲು ಮನೆಯ ವಸ್ತುಗಳೇ ಸಾಕಾಗುತ್ತವೆ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯಂತಹ ತೆಳು ಹಾಸು ಮೇಲಿನ ಆವೃತ್ತಿಗಳನ್ನಷ್ಟೇ ಹೀರುತ್ತದೆ. ಹಲವು ಪದರದ ಕೌದಿ, ಹಾಸಿಗೆ, ಬಟ್ಟೆ ತುಂಬಿದ ಕಪಾಟು ನಡುವಿನ ಆವೃತ್ತಿಗಳನ್ನೂ ಹೀರುತ್ತವೆ. ಕೌದಿಯನ್ನು ಗೋಡೆಗೆ ಅಂಟಿಸುವ ಬದಲು ಒಂದು ಗೇಣು ಮುಂದೆ ತೂಗುಹಾಕಿದರೆ ಪರಿಣಾಮ ಹೆಚ್ಚು. ಪುಸ್ತಕಗಳ ಕಪಾಟು ಪ್ರತಿಧ್ವನಿಯನ್ನು ಚದುರಿಸುತ್ತದೆ. ಮೊಟ್ಟೆಯ ಟ್ರೇಗಳು ಹೊರಗಿನ ಸದ್ದನ್ನು ತಡೆಯುತ್ತವೆ ಎಂಬ ನಂಬಿಕೆ ಸರಿಯಲ್ಲ. ಸದ್ದನ್ನು ತಡೆಯಲು ತೂಕವಿರುವ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲುಗಳು ಬೇಕು.

ತಗಡಿನ ಚಾವಣಿಯ ಮೇಲೆ ಬೀಳುವ ಮಳೆ, ಫ್ಯಾನ್, ಫ್ರಿಜ್, ಇನ್ವರ್ಟರ್ ಮತ್ತು ವಾಹನಗಳ ಸದ್ದು ಮುಖ್ಯ ಅಡ್ಡಿಗಳು. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ತನ್ನ ಎರಡರಷ್ಟಾದ 100 ಹರ್ಟ್ಸ್‌ನಲ್ಲಿಯೂ ಕೇಳಿಸುತ್ತದೆ. ಬಿಳಿ ಐದರಲ್ಲಿ ಹಾಡುವ ಗಾಯಕಿಯ ತಂಬೂರಿಯ ಖರಜ 98 ಹರ್ಟ್ಸ್ ಆಗಿರುವುದರಿಂದ ಈ ಎರಡು ಸೇರಿ ಸೆಕೆಂಡಿಗೆ ಎರಡು ಬಾರಿ ಅಲೆಯಾಡುತ್ತವೆ. ತಂಬೂರಿ ಬೇಸುರಾದಂತೆ ತೋರಿದಾಗ ದೋಷ ಕೇಬಲ್ಲಿನಲ್ಲಿಯೂ ಇರಬಹುದು. ರಿಯಾಜಿಗೆ ರೂಢಿಯಲ್ಲಿರುವ ಬೆಳಗಿನ ಜಾವವೇ ಮುದ್ರಣಕ್ಕೂ ಪ್ರಶಾಂತವಾದ ಹೊತ್ತು.

ಮುದ್ರಣದ ವಿಧಾನ

ಒಂದೇ ಜೋಡಿ ಮೈಕ್

ಗಾಯಕ ಮತ್ತು ಪಕ್ಕವಾದ್ಯದವರು ಬೈಠಕ್ಕಿನಂತೆ ಅರ್ಧವೃತ್ತದಲ್ಲಿ ಕುಳಿತು, ಮುಂದೆ ಒಂದೂವರೆ ಎರಡು ಮೀಟರ್ ದೂರದಲ್ಲಿ ಜೋಡಿ ಮೈಕ್ ಇರಿಸುವುದು ಸರಳ ವಿಧಾನ. ಧ್ವನಿಗಳ ಪ್ರಮಾಣವನ್ನು ಆಮೇಲೆ ಬದಲಿಸಲಾಗದ ಕಾರಣ, ಕುಳಿತುಕೊಳ್ಳುವ ಸ್ಥಾನದಿಂದಲೇ ಅದನ್ನು ಹೊಂದಿಸಿಕೊಳ್ಳಬೇಕು. ತಬಲಾವನ್ನು ಕೊಂಚ ಹಿಂದಕ್ಕೂ ತಂಬೂರಿಯನ್ನು ಮೈಕಿಗೆ ಸಮೀಪವೂ ಇರಿಸುವುದು ವಾಡಿಕೆ. ಕೋಣೆ ಚೆನ್ನಾಗಿದ್ದರೆ ಈ ವಿಧಾನದಲ್ಲಿ ಬೈಠಕ್ಕಿನ ಸಹಜತೆ ಉಳಿಯುತ್ತದೆ.

ಪ್ರತ್ಯೇಕ ಮೈಕುಗಳು

ಕಂಠಕ್ಕೆ 30ರಿಂದ 45 ಸೆಂಟಿಮೀಟರ್ ದೂರದಲ್ಲಿ, ತಂಬೂರಿಗೆ ಕುದುರೆಯ ಎದುರು 30ರಿಂದ 60 ಸೆಂಟಿಮೀಟರ್ ದೂರದಲ್ಲಿ, ತಬಲಾ ಜೋಡಿಗೆ ಮೇಲಿನಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಮೈಕ್ ಇರಿಸಿ ಆರಂಭಿಸಬಹುದು. ಪೇಟಿಯ ಮೈಕನ್ನು ತಿದಿಯ ಗಾಳಿಯ ಸದ್ದಿನಿಂದ ದೂರವಿಡಬೇಕು. ಮೈಕಿನಿಂದ ವಾದ್ಯಕ್ಕಿರುವ ದೂರಕ್ಕಿಂತ ಎರಡು ಮೈಕುಗಳ ನಡುವಿನ ದೂರ ಕನಿಷ್ಠ ಮೂರರಷ್ಟಿದ್ದರೆ ಒಂದರ ಧ್ವನಿ ಇನ್ನೊಂದಕ್ಕೆ ಸೇರಿ ಕುಂದುವುದು ಕಡಿಮೆಯಾಗುತ್ತದೆ.

ಮುದ್ರಣದ ಮಟ್ಟವನ್ನು ಆಲಾಪದ ಮೊದಲ ಷಡ್ಜಕ್ಕೆ ಹೊಂದಿಸುವುದು ಸಾಮಾನ್ಯ ತಪ್ಪು. ಅರ್ಧ ಗಂಟೆಯ ನಂತರ ಬರುವ ತಾರ ಷಡ್ಜಕ್ಕೆ ಧ್ವನಿ ಒಡೆಯುತ್ತದೆ. ಗಾಯಕರಿಂದ ಒಂದೆರಡು ಜೋರಿನ ತಾನುಗಳನ್ನು ಹಾಡಿಸಿ, ಗರಿಷ್ಠ ಮಟ್ಟ −12 ಡೆಸಿಬಲ್ ಸುತ್ತ ಇರುವಂತೆ ಹೊಂದಿಸಿಕೊಳ್ಳಬೇಕು.

ಸ್ವಯಂಚಾಲಿತ ಸಂಸ್ಕರಣೆಯ ತೊಂದರೆ

ಮೊಬೈಲ್ ಮತ್ತು ವಿಡಿಯೊ ಕರೆಯ ತಂತ್ರಾಂಶಗಳು ಮೂಲತಃ ಮಾತಿಗಾಗಿ ರೂಪುಗೊಂಡವು. ಮಾತಿನ ಹಿಂದೆ ಒಂದೇ ಸಮನೆ ಕೇಳುವ ಧ್ವನಿಯನ್ನು ಫ್ಯಾನಿನಂತಹ ಅನಗತ್ಯ ಸದ್ದೆಂದು ಅವು ಲೆಕ್ಕಹಾಕುತ್ತವೆ. ತಂಬೂರಿಯ ನಾದವೂ ಹಾಗೆಯೇ ಎಡೆಬಿಡದೆ ನುಡಿಯುವುದರಿಂದ ಅದು ಅಳಿದುಹೋಗುತ್ತದೆ ಅಥವಾ ತುಂಡುತುಂಡಾಗುತ್ತದೆ. ದೀರ್ಘವಾಗಿ ನಿಲ್ಲಿಸಿದ ಷಡ್ಜವೂ ಕೆಲವೊಮ್ಮೆ ಹೀಗೆ ಕರಗುವುದುಂಟು. ಸ್ವಯಂಚಾಲಿತ ಮಟ್ಟ ನಿಯಂತ್ರಣವು ಗಾಯಕ ಉಸಿರೆಳೆಯುವಾಗ ತಂಬೂರಿಯನ್ನು ಏರಿಸಿ, ಹಾಡುವಾಗ ಇಳಿಸುತ್ತದೆ. ಆದ್ದರಿಂದ ಸದ್ದು ನಿವಾರಣೆ ಮತ್ತು ಸ್ವಯಂಚಾಲಿತ ಮಟ್ಟ ನಿಯಂತ್ರಣಗಳನ್ನು ಮೊದಲೇ ನಿಲ್ಲಿಸಬೇಕು. ಜೂಮ್‌ನಂತಹ ತಂತ್ರಾಂಶಗಳಲ್ಲಿ ಸಂಗೀತಗಾರರಿಗಾಗಿ 'ಮೂಲ ಧ್ವನಿ'ಯ ಆಯ್ಕೆ ಇದೆ.

ಹಳೆಯ ಟೇಪುಗಳ ಡಿಜಿಟಲೀಕರಣ

ಮನೆಗಳಲ್ಲಿ ಉಳಿದಿರುವ ಕ್ಯಾಸೆಟ್ ಮತ್ತು ಸ್ಪೂಲುಗಳು ಕಾಲಕ್ರಮದಲ್ಲಿ ಹಾಳಾಗುತ್ತವೆ. ತೇವದಿಂದ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಕೆಲವು ಟೇಪುಗಳಲ್ಲಿ ಮೆತ್ತಗಾಗಿ ಯಂತ್ರಕ್ಕೆ ಅಂಟಿಕೊಳ್ಳುತ್ತದೆ. ಅಸಿಟೇಟ್ ಟೇಪು ಹುಳಿವಾಸನೆ ಬೀರುತ್ತ ಸುರುಟಿಕೊಳ್ಳುತ್ತದೆ. ಟೇಪು ಉಳಿದರೂ ಅದನ್ನು ನುಡಿಸುವ ಸುಸ್ಥಿತಿಯ ಯಂತ್ರಗಳು ವಿರಳವಾಗುತ್ತಿವೆ.

ಬೂಷ್ಟು ಹಿಡಿದ ಅಥವಾ ಅಂಟಾದ ಟೇಪನ್ನು ಪರಿಣತರ ಸಲಹೆಯಿಲ್ಲದೆ ನುಡಿಸಬಾರದು. ಉಳಿದವುಗಳಿಗೆ ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೇಲಿನ ಆವೃತ್ತಿಗಳು ಸ್ಪಷ್ಟವಾಗಿ ಕೇಳುವಂತೆ ಅದರ ಕೋನವನ್ನು ಹೊಂದಿಸಿ, ಇಂಟರ್‌ಫೇಸ್ ಮೂಲಕ ಮುದ್ರಿಸಲಾಗುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ ಕನಿಷ್ಠ 48 ಕಿಲೋಹರ್ಟ್ಸ್ ಮತ್ತು 24 ಬಿಟ್ ಇರಬೇಕೆಂದು ಹೇಳಿ, 96 ಕಿಲೋಹರ್ಟ್ಸನ್ನು ಶಿಫಾರಸು ಮಾಡುತ್ತದೆ. ಟೇಪು ಎಷ್ಟು ಹೊತ್ತು ಓಡುತ್ತದೆಯೋ ಅಷ್ಟೇ ಹೊತ್ತು ಈ ಕೆಲಸಕ್ಕೆ ಬೇಕು. 90 ನಿಮಿಷದ ನೂರು ಕ್ಯಾಸೆಟ್ಟುಗಳಿಗೆ 150 ಗಂಟೆಗಳ ಕಾಲ ಮತ್ತು 96 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ ಸುಮಾರು 311 ಗಿಗಾಬೈಟ್ ಜಾಗ ಬೇಕಾಗುತ್ತದೆ. ಮೊದಲು ಯಾವುದನ್ನು ಉಳಿಸಬೇಕು ಎಂಬ ಆಯ್ಕೆ ಹೀಗಾಗಿ ಅನಿವಾರ್ಯ. ಮಾರುಕಟ್ಟೆಯಲ್ಲಿ ಬಂದ ಧ್ವನಿಮುದ್ರಿಕೆಗಳ ಪ್ರತಿಗಳು ಬೇರೆಡೆ ಸಿಗಬಹುದು. ಪಾಠ ಮತ್ತು ಮನೆಯ ಬೈಠಕ್ಕಿನ ಟೇಪಿಗೆ ಬೇರೆ ಪ್ರತಿ ಇರುವುದಿಲ್ಲವಾದ್ದರಿಂದ ಅವುಗಳಿಗೆ ಆದ್ಯತೆ ಸಲ್ಲಬೇಕು.

ಟೇಪಿನ ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧಸ್ವರ ಮೇಲೇರಿ, ಕಪ್ಪು ಒಂದು ಬಿಳಿ ಎರಡಾಗುತ್ತದೆ. ಕಲಾವಿದರ ರೂಢಿಯ ಷಡ್ಜ ತಿಳಿದಿದ್ದರೆ ವೇಗವನ್ನು ತಿದ್ದಬಹುದು. 78 ಸುತ್ತಿನ ಹಳೆಯ ತಟ್ಟೆಗಳ ವೇಗವೂ ಎಲ್ಲ ಕಡೆ ನಿಖರವಾಗಿ 78 ಆಗಿರಲಿಲ್ಲ.

ಸಂರಕ್ಷಣೆ

ಮೂಲ ಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್ ಕಡತವಾಗಿ ಯಾವುದೇ ತಿದ್ದುಪಡಿಯಿಲ್ಲದೆ ಉಳಿಸಿ, ಹಂಚಿಕೊಳ್ಳಲು ಎಂಪಿ3 ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ಎಂಪಿ3 ಕಡತದ ಗಾತ್ರವನ್ನು ತೀರ ಇಳಿಸಿದರೆ ಜವಾರಿಯ ಮೇಲಿನ ಉಪಸ್ವರಗಳು ಮೊದಲು ನಷ್ಟವಾಗುತ್ತವೆ. ಮೂರು ಪ್ರತಿಗಳನ್ನು ಎರಡು ಬಗೆಯ ಮಾಧ್ಯಮಗಳಲ್ಲಿ ಇರಿಸಿ, ಅವುಗಳಲ್ಲಿ ಒಂದನ್ನು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ ಇಡುವುದು ಸಾಮಾನ್ಯವಾಗಿ ಒಪ್ಪಿತವಾದ ನಿಯಮ.

ಕಡತದ ಜೊತೆಗೆ ರಾಗ, ತಾಳ, ಬಂದಿಶ್, ಕಲಾವಿದರು ಮತ್ತು ಪಕ್ಕವಾದ್ಯದವರ ಹೆಸರು, ಸ್ಥಳ, ದಿನಾಂಕ, ಷಡ್ಜದ ಶ್ರುತಿ ಹಾಗೂ ಬಳಸಿದ ಯಂತ್ರದ ವಿವರಗಳನ್ನು ಬರೆದಿಡಬೇಕು. ರಾಗವನ್ನು ಮುಂದಿನ ಕೇಳುಗರು ಕೇಳಿ ಗುರುತಿಸಬಲ್ಲರು. ಆದರೆ ತಂಬೂರಿ ಹಿಡಿದವರು ಯಾರು, ಅದು ಯಾವ ವರ್ಷದ ಪಾಠ ಎಂಬುದನ್ನು ಹಾಜರಿದ್ದವರಷ್ಟೇ ಹೇಳಬಲ್ಲರು.

ಕಾನೂನು

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಪ್ರಕಟಿತ ಧ್ವನಿಮುದ್ರಿಕೆಯ ಹಕ್ಕು, ಪ್ರಕಟವಾದ ವರ್ಷದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1994ರ ತಿದ್ದುಪಡಿಯಿಂದ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕು ದೊರೆತಿದ್ದು, ಈಗ ಅದರ ಅವಧಿ 50 ವರ್ಷ. ಖಾಸಗಿ ಬಳಕೆ ಮತ್ತು ಅಧ್ಯಯನಕ್ಕೆ ಕಾಯ್ದೆಯಲ್ಲಿ ವಿನಾಯಿತಿಗಳಿವೆ. ಆದರೆ ಬೈಠಕ್ ಅಥವಾ ಪಾಠದ ಮುದ್ರಣವನ್ನು ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಪ್ರಕಟಿಸಲು ಕಲಾವಿದರ ಅಥವಾ ಅವರ ವಾರಸುದಾರರ ಒಪ್ಪಿಗೆ ಪಡೆಯಬೇಕಾಗುತ್ತದೆ. ಪರಂಪರಾಗತ ಬಂದಿಶ್‌ಗಳಿಗೆ ಕೃತಿಸ್ವಾಮ್ಯವಿಲ್ಲ. ಇತ್ತೀಚಿನ ವಾಗ್ಗೇಯಕಾರರ ರಚನೆಗಳಿಗೆ ಅವರ ನಿಧನಾನಂತರದ 60 ವರ್ಷಗಳವರೆಗೆ ಹಕ್ಕು ಅನ್ವಯಿಸುತ್ತದೆ.

ಮಿತಿಗಳು

ಬಹುಪದರದ ಮುದ್ರಣದಲ್ಲಿ ಗಾಯನ, ಪೇಟಿ ಮತ್ತು ತಬಲಾವನ್ನು ಬೇರೆ ಬೇರೆ ದಿನ ಮುದ್ರಿಸಿ ಜೋಡಿಸಲು ತಾಂತ್ರಿಕವಾಗಿ ಸಾಧ್ಯ. ಭಾವಗೀತೆ ಅಥವಾ ಭಜನೆಗೆ ಇದು ಒಪ್ಪಬಹುದು. ಖಯಾಲಿನಲ್ಲಿ ಗಾಯಕ ಮತ್ತು ಪಕ್ಕವಾದ್ಯದವರು ಆ ಕ್ಷಣದಲ್ಲಿ ಒಬ್ಬರನ್ನೊಬ್ಬರು ಕೇಳಿ ಸ್ಪಂದಿಸುವುದರಿಂದ ಎಲ್ಲರೂ ಒಟ್ಟಿಗೆ ಕುಳಿತು ಮುದ್ರಿಸುವುದೇ ಸೂಕ್ತ. ಶ್ರುತಿ ತಿದ್ದುವ ತಂತ್ರಾಂಶಗಳು ಸಾಮಾನ್ಯವಾಗಿ ಸಮಾನ ಅಂತರದ ಸ್ವರಗಳಿಗೆ ಧ್ವನಿಯನ್ನು ಎಳೆಯುವುದರಿಂದ ಮೀಂಡ್ ಮತ್ತು ಆಂದೋಲನಗಳನ್ನು ಕೆಡಿಸುತ್ತವೆ. ರಿಯಾಜಿನ ಮುದ್ರಣದಲ್ಲಿ ಇಂತಹ ತಿದ್ದುಪಡಿಗೆ ಅರ್ಥವೂ ಇಲ್ಲ. ತಪ್ಪು ಎಲ್ಲಿ ಆಯಿತೆಂದು ಹಾಡಿದವರಿಗೆ ಕೇಳಿಸುವುದೇ ಅದರ ಉದ್ದೇಶ.